ಅಂಟದೆ ಜಾರಿದ ಹಾಳೆ

ಅದು ೨೦೧೪ನೆಯ ಇಸವಿ. ನನಗಾಗ ನಲವತ್ತಮೂರು ವರ್ಷ. ಇಷ್ಟು ವರ್ಷಗಳ ಮೇಲೆ, ಮೊನ್ನೆ ಕನಕಪುರದ ರಸ್ತೆಬದಿಯಲ್ಲಿ ಬಾನೆಟ್ ತೆರೆದು ನಿಂತಿದ್ದ ಯಾರದೋ ಕಾರಿನಿಂದ ಕುದಿದ ಕೂಲೆಂಟಿನ ವಾಸನೆ ಬಂತು... ಬೆಲ್ಲದ ಪಾಕ ತಳ ಹಿಡಿದಾಗ ಬರುವಂಥ ವಾಸನೆ. ಅದರ ಹಿಂದೆಯೇ, ಆಗ ನಮ್ಮ ಕಾರನ್ನು ನೋಡಿದ್ದ ಗ್ಯಾರೇಜಿನ ಮೆಕ್ಯಾನಿಕ್ ನೆನಪಾದರು.

ಆಗ ನಾವು ಮರಳವಾಡಿಯಲ್ಲಿದ್ದೆವು. ಅಣ್ಣನ ಮೂತ್ರಪಿಂಡಗಳು ಕೆಟ್ಟಿದ್ದವು. ಪ್ರತಿ ಬುಧವಾರ, ಶನಿವಾರ ಅವರನ್ನು ಡಯಾಲಿಸಿಸ್‌ಗೆಂದು ಕನಕಪುರಕ್ಕೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ಎರಡು ಲಕ್ಷ ಅರವತ್ತು ಸಾವಿರ ಕಿಲೋಮೀಟರ್ ಓಡಿದ್ದ ನಮ್ಮ ಕಾರು ಆ ಏಪ್ರಿಲ್‌ನಿಂದ ಏರು ಸಿಕ್ಕಲ್ಲೆಲ್ಲ ಕಾಯತೊಡಗಿತು. ಎರಡು ಸಲ ಅಣ್ಣನನ್ನು ಹೊಂಗೆಯ ನೆರಳಿನಲ್ಲಿ ಕೂರಿಸಿ, ಎಂಜಿನ್ ತಣಿಯುವವರೆಗೆ ಕಾದೆ. ಎರಡನೆಯ ಸಲ ಸರದಿ ತಪ್ಪಿತು. ಮರುದಿನ ಅವರ ಪಾದಗಳ ಬಾವು ನೋಡಲಾಗಲಿಲ್ಲ... ಒಂದು ವರ್ಕ್‌ಶಾಪಿನಲ್ಲಿ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು, ಹತ್ತು ದಿನ ಗಾಡಿ ಬಿಡಿ ಎಂದರು. ಮದುವೆಯ ದಿನಗಳು, ಊರಿನ ಬಾಡಿಗೆ ಕಾರುಗಳೆಲ್ಲ ಮೊದಲೇ ಬುಕ್ ಆಗಿದ್ದವು. ಹತ್ತು ದಿನ ನಮ್ಮಲ್ಲಿರಲಿಲ್ಲ.

ಆಸ್ಪತ್ರೆಯಿಂದ ಸ್ವಲ್ಪ ದೂರದಲ್ಲಿ, ತಗಡಿನ ಶೆಡ್ಡಿನಲ್ಲಿ ಆ ಮೆಕ್ಯಾನಿಕ್ಕರ ಗ್ಯಾರೇಜು. ನನ್ನ ಮಾತನ್ನೆಲ್ಲ ಕೇಳಿ, "ಬಿಚ್ಚೋದು ಕೊನೇ ಮಾತು ಮೇಷ್ಟ್ರೇ. ಮೊದ್ಲು ಗಾಡಿ ಏನ್ ಹೇಳ್ತದೆ ಒಸಿ ಕೇಳವ" ಎಂದರು. ಆಯಿಲ್ ಮುಚ್ಚಳದ ಒಳಗೆ ಹಾಲಿನಂಥ ನೊರೆಯಿರಲಿಲ್ಲ; ಸೈಲೆನ್ಸರಿನಲ್ಲಿ ಬಿಳಿ ಹೊಗೆಯಿರಲಿಲ್ಲ; ರೇಡಿಯೇಟರಿನ ನೀರೂ ಇಳಿದಿರಲಿಲ್ಲ. "ಗ್ಯಾಸ್ಕೆಟ್ ನೆಟ್ಟಗೈತೆ."

ಅಣ್ಣ ಡಯಾಲಿಸಿಸ್ಸಿನಲ್ಲಿರುವ ನಾಲ್ಕು ಗಂಟೆಯೇ ಅವರಿಗೆ ಸಿಗುತ್ತಿದ್ದ ಸಮಯ. ಒಂದು ಸಲಕ್ಕೆ ಒಂದೇ ಪರೀಕ್ಷೆ. ಎರಡು ಭಾಗಗಳನ್ನು ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದೆಂದು ತಿಳಿಯದು ಎಂಬುದು ಅವರ ನಿಯಮ, ನನಗೂ ಒಪ್ಪುವಂಥದ್ದು. ಥರ್ಮೋಸ್ಟಾಟ್, ವಾಟರ್ ಪಂಪ್, ಫ್ಯಾನ್... ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ, ಒಂದೊಂದನ್ನೂ ಹೊಡೆದುಹಾಕಿದೆ. ಆದರೂ ಡ್ಯಾಶ್‌ಬೋರ್ಡಿನಲ್ಲಿ ಕಾವು ತೋರಿಸುವ ಮುಳ್ಳು ಏರುತ್ತಲೇ ಇತ್ತು. ಅವರು ಸೋಲೊಪ್ಪಲಿಲ್ಲ, ನಾನೂ ಒಪ್ಪಲಿಲ್ಲ.

ನಾಲ್ಕನೆಯ ಸಲ ಅವರು ಎಂಜಿನ್ ಚಾಲೂ ಇಟ್ಟು, ಎಸಿ ಹಾಕಿಸಿ, ನನ್ನತ್ತ ಕೈಚಾಚಿದರು. "ಬುಕ್ಕಿಂದ ಒಂದ್ ಹಾಳೆ ಹರ್ಕೊಡಿ."

ಕಾರಿನ ಮೂತಿಯ ಜಾಲರಿಗೆ ಹಾಳೆಯನ್ನು ಹಿಡಿದು, ಕೈಬಿಟ್ಟರು. ಫ್ಯಾನ್ ಎಳೆಯುವ ಗಾಳಿಗೆ ಅದು ಅಂಟಿಕೊಳ್ಳಬೇಕಿತ್ತು. ಜಾರಿ ನೆಲಕ್ಕೆ ಬಿತ್ತು.

"ಫ್ಯಾನ್ ತಿರುಗ್ತೈತೆ, ಗಾಳಿ ಒಳೀಕ್ ಹೋಗ್ತಿಲ್ಲ" ಎಂದವರೇ ಸ್ಪ್ಯಾನರ್ ಎತ್ತಿಕೊಂಡರು.

ಎಸಿಯ ಜಾಲರಿ ಮುಂದೆ, ರೇಡಿಯೇಟರ್ ಹಿಂದೆ. ಎರಡನ್ನೂ ಸಡಿಲಿಸಿ ನಡುವಿನಿಂದ ಅವರು ಎಳೆದು ತೆಗೆದದ್ದು ಅಂಗೈ ದಪ್ಪದ, ಮಾಸಿದ ಕಂಬಳಿಯಂಥ ಹಾಸು. ಒಂದು ಎಳೆ ಬಿಡಿಸಿ ಬೆಳಕಿಗೆ ಹಿಡಿದರು. ರೇಷ್ಮೆ!

"ಮೇಷ್ಟ್ರೇ, ನಿಮ್ ಗಾಡಿ ಗೂಡು ಕಟ್ಬುಟ್ಟೈತೆ! ಎಲ್ಲಿ ನಿಲ್ಲಿಸ್ತೀರಿ ಇದನ್ನ?"

ರೇಷ್ಮೆ ಹುಳು ಸಾಕುವ ಮನೆ ನಮ್ಮದು. ಗೂಡು ಬಿಡಿಸಿದ ಮೇಲೆ ನಮ್ಮವರು ಚಂದ್ರಿಕೆಗಳಿಗೆ, ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗಳಿಗೆ, ಅಂಟಿದ ಎಳೆಗಳನ್ನು ಕೆರೆದು ಕೊಡವುತ್ತಿದ್ದುದು ಹುಳುಮನೆಯ ಪಕ್ಕದಲ್ಲಿ. ಅಲ್ಲಿ ನೆರಳಿದೆಯೆಂದು, ಅಣ್ಣ ಹತ್ತುವಷ್ಟರಲ್ಲಿ ಒಳಗೆ ತಂಪಾಗಿರಲೆಂದು, ಕಾಲು ಗಂಟೆ ಮೊದಲೇ ಎಸಿ ಹಾಕಿ ಕಾರು ನಿಲ್ಲಿಸುತ್ತಿದ್ದವನು ನಾನೇ. ಹಾರುವ ನವಿರನ್ನೆಲ್ಲ ಫ್ಯಾನ್ ಎಳೆದುಕೊಂಡಿತ್ತು.

ಮರಳುವಾಗ ಅಣ್ಣನಿಗೆ ಎಲ್ಲವನ್ನೂ ಒಪ್ಪಿಕೊಂಡೆ. ಸುಸ್ತಿನಲ್ಲೂ ನಕ್ಕರು. "ಲೇ, ನನ್ ತಣ್ಣಗಿಡಕ್ ಹೋಗಿ ಎಂಜಿನ್ ಬೇಯಿಸ್ಬುಟ್ಟಲ್ಲೋ!" ಏರಿನಲ್ಲಿ ಇಬ್ಬರೂ ಮುಳ್ಳನ್ನೇ ನೋಡಿದೆವು. ಅದು ನಡುವಿನಲ್ಲೇ ನಿಂತಿತ್ತು.

ಆಮೇಲೆ ಅಣ್ಣನ ಒಂದು ಸರದಿಯೂ ಕಾರಿನಿಂದಾಗಿ ತಪ್ಪಲಿಲ್ಲ. ಅವರು ಇನ್ನೂ ನಾಲ್ಕು ವರ್ಷ ಇದ್ದರು. ಗ್ಯಾರೇಜಿನವರು ಅಣ್ಣನಿಗಿಂತ ಮೊದಲೇ ತೀರಿಕೊಂಡರು. ನನಗೆ ತಿಳಿಯುವ ಹೊತ್ತಿಗೆ ಶೆಡ್ಡೂ ಇರಲಿಲ್ಲ... ಅವರು ಅಂಟಿಸಲು ಹಿಡಿದ ಹಾಳೆ ಮಾತ್ರ ನನ್ನ ನೋಟ್‌ಬುಕ್ಕಿನಲ್ಲಿದೆ, ಗ್ರೀಸಿನ ಹೆಬ್ಬೆರಳ ಗುರುತಿನೊಂದಿಗೆ. ಅದರ ಕೆಳಗೆ ಅಂದು ಬರೆದ ತಾರೀಖನ್ನು ಮೊನ್ನೆ ಮತ್ತೆ ಓದಿದೆ: ೨೦೧೪, ಮೇ ೧೪, ಬುಧವಾರ.