ಕೈ ನೋಡಿ ಕತೆ ಕೇಳಿದವರು

ನನ್ನ ಪ್ರಕಾಶಕರ ಕನ್ನಡಕದ ಒಂದು ಕಾಲು ಎಂದೋ ಮುರಿದುಹೋಗಿತ್ತು. ಆ ಜಾಗಕ್ಕೆ ಪುಸ್ತಕ ಹೊಲಿಯುವ ದಪ್ಪ ಬಿಳಿ ದಾರ ಕಟ್ಟಿ ಕಿವಿಗೆ ಸುತ್ತಿಕೊಂಡಿದ್ದರು. ತಲೆ ಆಡಿಸಿದರೆ ಕನ್ನಡಕ ವಾರೆಯಾಗುತ್ತಿತ್ತು. ಹಾಗಾಗಿ ಹೂಂ ಅನ್ನುವುದಕ್ಕೂ ಊಹೂಂ ಅನ್ನುವುದಕ್ಕೂ ಅವರ ತಲೆ ಅಲುಗುತ್ತಿರಲಿಲ್ಲ. ಮೊದಲ ಕಾದಂಬರಿಯ ಹಸ್ತಪ್ರತಿ ಹಿಡಿದು ಚಾಮರಾಜನಗರದ ಅವರ ಅಚ್ಚುಕೂಟಕ್ಕೆ ಹೋದಾಗ ನನಗೆ ಇದು ಗೊತ್ತಿರಲಿಲ್ಲ. ಗೋಡೆಯ ಮುಂದೆ ಮಾತಾಡಿದ ಹಾಗಾಯಿತು ಅಂದುಕೊಂಡು ಎದ್ದು ಹೊರಟೆ.

ಆಗ ಬಾಯಿಬಿಟ್ಟರು: "ಇಲ್ಲಿ ಬುಟ್ಟೋಗ್ಬ್ಯಾಡ ಕಣವ್ವ. ನಾನು ಓದಾಕಿಲ್ಲ. ನಿಮ್ಮೂರ್ಗೇ ಬತ್ತೀನಿ, ನೀನೇ ಓದು. ಅಲ್ಲಿ ನಾಕ್ ಜನ ಕೆಲ್ಸ ಮಾಡ್ತಿರ್ಬೇಕು, ಅಷ್ಟೇಯ."

ನಮ್ಮೂರು ದೊಡ್ಡಗಾಜನೂರು. ಸರ್ಕಾರದ ಕಾಗದದಲ್ಲಿ ತಮಿಳುನಾಡು, ಅಡುಗೆಮನೆಯಲ್ಲಿ ಕನ್ನಡ. ನಮ್ಮ ಬೀದಿಯವರು ತಮಿಳು ಶಾಲೆಗೆ ಹೋದವರು, ಇಲ್ಲವೇ ಯಾವ ಶಾಲೆಗೂ ಹೋಗದವರು. ಬೈಯುವುದು, ಮುದ್ದಿಸುವುದು ಎಲ್ಲ ಕನ್ನಡದಲ್ಲೇ, ಆದರೆ ಕನ್ನಡ ಅಕ್ಷರ ಕಂಡರೆ ಓದು ಅಂತ ನನ್ನ ಕೈಗೆ ಕೊಡುತ್ತಾರೆ. ಇಂಥ ಊರಲ್ಲಿ ಕೂತು ಕನ್ನಡದಲ್ಲಿ ಕಾದಂಬರಿ ಬರೆಯುವ ಹೆಂಗಸನ್ನು ಯಾರು ಕೇಳಬೇಕು? ಇವರು ಬಸ್ಸು ಹತ್ತಿ ಬಂದು ಕೇಳಿದರು.

ಆವತ್ತು ನಮ್ಮ ಅಂಗಳದಲ್ಲಿ ಬೆಳ್ಳುಳ್ಳಿ ರಾಶಿ ಬಿದ್ದಿತ್ತು. ಬೀದಿಯ ಹೆಂಗಸರು ಸುತ್ತ ಕೂತು ಬೇರು ಕೊಯ್ದು, ದಪ್ಪದ್ದು ಒಂದು ಕಡೆ, ಸಣ್ಣದ್ದು ಒಂದು ಕಡೆ ಹಾಕುತ್ತಿದ್ದರು. ಪ್ರಕಾಶಕರು ಬಂದವರೇ ನನಗೆ ಬೆನ್ನು ತಿರುಗಿಸಿ, ಆ ಹೆಂಗಸರ ಕಡೆ ಮುಖ ಮಾಡಿ ಕೂತರು. ನನಗೆ ಮೈಯೆಲ್ಲ ಉರಿಯಿತು. ಆದರೂ ಬೆಳಗಿನಿಂದ ಹೊತ್ತು ಇಳಿಯುವವರೆಗೂ ಓದಿದೆ. ಅವರು ನನ್ನ ಮುಖ ನೋಡಲೇ ಇಲ್ಲ.

ಊಟಕ್ಕೆ ಕೂತಾಗ ಅಂದರು: "ನಿನ್ನ ಮದ್ವ ಅಧ್ಯಾಯ್ದಲ್ಲಿ ಒಂದ್ ಕೈನೂ ನಿಲ್ನಿಲ್ಲ ಕಣವ್ವ. ತಗ್ದಾಕ್ಬುಡು. ಆ ಎಣ್ಮಗಳು ಗಂಡ್ನ ಅಂಗಿ ಒಗ್ದು ಒಣ್ಗಾಕಿ ಮನ ಬುಟ್ಟು ಒಂಟೋದ್ಲಲ್ಲ, ಅಲ್ಲಿ ಎಲ್ರ ಕೈನೂ ನಿಂತ್ಕತ್ತು. ಅಲ್ಲಿಂದ ಸುರು ಮಾಡು."

"ಆ ಮದುವೆ ಬರೆಯುವುದಕ್ಕೆ ಒಂದಿಡೀ ಮಳೆಗಾಲ ಹಿಡಿಯಿತು ಸಾರ್," ಅಂದೆ.

"ಇಡೀಲಿ. ಬಂದ ಮಳ ಎಲ್ಲಾ ನಿಮ್ಮೂರ್ ಕೆರಗೇ ಬಂದದಾ?" ಅಂದು ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.

ಮಾರನೆಯ ದಿನ ಪಕ್ಕದ ಮನೆಯ ದೊಡ್ಡವ್ವ ಬಂದು ಮೆಲ್ಲಗೆ ಕೇಳಿದಳು: "ಆ ಮಂಡಿಯವ್ರು ಬೆಳ್ಳುಳ್ಳೀಯ ಎಷ್ಟಕ್ ಕೇಳುದ್ರವ್ವ? ನಮ್ ಕೈಯೇ ನೋಡ್ತಾ ಕೂತಿದ್ರಲ್ಲ, ಸರಿಯಾಗಿ ಬೇರೆ ಮಾಡ್ನಿಲ್ಲ ಅಂತ ರೇಟ್ ಇಳುಸ್ಬುಟ್ಟಾರು ಅಂತ ಎದ್ರಿ ನಾವು ನೀರ್ ಕುಡ್ಯಾಕೂ ಏಳ್ನಿಲ್ಲ."

ನನಗೆ ನಗು ಬಂತು, ಅದಕ್ಕಿಂತ ಹೆಚ್ಚಾಗಿ ಆಸೆ ಬಂತು. ಇವರನ್ನು ಬೆಳ್ಳುಳ್ಳಿ ವ್ಯಾಪಾರಿ ಅಂತ ತಿಳಿದು ಹೆಂಗಸರು ಬಿಡುವಿಲ್ಲದೆ ಕೆಲಸ ಮಾಡಿದ್ದಾರೆ, ಹಾಗಾದರೆ ನನ್ನ ಮದುವೆ ಅಧ್ಯಾಯದ್ದೇನೂ ತಪ್ಪಿಲ್ಲ! ಮೊದಲ ಬಸ್ಸಿಗೇ ಚಾಮರಾಜನಗರಕ್ಕೆ ಹೋಗಿ, ನಿಮ್ಮ ಪರೀಕ್ಷೆಯೇ ಕೆಟ್ಟುಹೋಯಿತು ಸಾರ್ ಅಂತ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ಕಳಚಿ ಮಡಿಲಿಗೆ ಬೀಳುವಷ್ಟು ನಕ್ಕರು. ಅದನ್ನು ಮತ್ತೆ ಕಿವಿಗೆ ಸುತ್ತಿಕೊಳ್ಳುತ್ತಾ ಅಂದರು: "ಮಂಡಿಯವ ನೋಡ್ತಾವ್ನ ಅಂತ ಗೊತ್ತಿದ್ರೂವೆ ಒಂದ್ ಕಡ ಕೈ ನಿಂತೋದೋ ಇಲ್ವೋ? ಅದು ಕತ ಕಣವ್ವ. ಮಿಕ್ಕುದ್ದು ಬರಿ ಬರವಣಿಗ."

ಮದುವೆ ಹೋಯಿತು. ಕಾದಂಬರಿ ಉಳಿಯಿತು. ಅದನ್ನು ಮೆಚ್ಚಿಕೊಂಡವರೆಲ್ಲ ಶುರುವಾದ ರೀತಿಯನ್ನೇ ಹೊಗಳಿದರು. ಆ ಹೊಗಳಿಕೆಯನ್ನು ನಾನೇ ಇಟ್ಟುಕೊಂಡೆ ಅನ್ನಿ, ಅವರು ಕೇಳಲಿಲ್ಲ.

ಎರಡನೆಯ ಕಾದಂಬರಿಗೂ ಹಾಗೇ ಬಂದರು. ಆಮೇಲೆ ಕಾಲ ಅವರಿಗಿಂತ ಜೋರಾಗಿ ಓಡಿತು. ಈಗ ಆರ್ಡರ್ ಬಂದಷ್ಟೇ ಪ್ರತಿ ಅಚ್ಚಾಗುತ್ತದೆ, ಫೋನಿನಲ್ಲಿ ಓದಬಹುದು, ಕಿವಿಗೆ ಸಿಕ್ಕಿಸಿಕೊಂಡು ಕೇಳಬಹುದು. ಇದರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಪುಸ್ತಕದ ಕಟ್ಟುಗಳು ಅವರ ಅಟ್ಟದಲ್ಲಿ ಇಲಿಗಳಿಗೆ ಹಾಸಿಗೆಯಾಗಿದ್ದನ್ನು ಕಂಡವಳು ನಾನು. ಓದಲು ಬಾರದ ದೊಡ್ಡವ್ವ ಈಗ ರೊಟ್ಟಿ ತಟ್ಟುತ್ತಾ ಫೋನಿನಲ್ಲಿ ಕತೆ ಕೇಳುತ್ತಾಳೆ. ಅದು ಒಳ್ಳೆಯದೇ.

ಅಚ್ಚುಕೂಟ ಮುಚ್ಚಿದ ದಿನ ಅವರು ಹೇಳಿದ್ದು ಇಷ್ಟು: "ಪುಸ್ತಕವ ಬ್ಯಾರೆ ಕಡ ಕೊಡವ್ವ. ಕೇಳಾಕ್ ಮಾತ್ರ ನಾನೇ ಬತ್ತೀನಿ."

ಆ ಮಾತನ್ನು ನೆಚ್ಚಿಕೊಂಡೇ ಮೂರನೆಯದನ್ನು ಬರೆದೆ. ಜೀರಹಳ್ಳಿ ಕಾಡಂಚಿನ ಒಬ್ಬ ಸೂಲಗಿತ್ತಿಯ ಕತೆ. ಮುಗಿಸಿದ ಮೇಲೆ ಓದಿಕೊಂಡರೆ ಎಲ್ಲೋ ಒಂದು ಕಡೆ ಜೋಲು ಬಿದ್ದಿದೆ ಅನ್ನಿಸುತ್ತಿತ್ತು, ಎಲ್ಲಿ ಅಂತ ಮಾತ್ರ ತಿಳಿಯುತ್ತಿರಲಿಲ್ಲ. ಇರಲಿ, ಅವರು ಬರುತ್ತಾರಲ್ಲ ಅಂತ ಧೈರ್ಯವಾಗಿದ್ದೆ. ದೀಪಾವಳಿಯಾಗಿ, ಗುಮಟಾಪುರದ ಗೊರೆಹಬ್ಬ ಮುಗಿದು, ಬಸ್ಸಿನ ನೂಕುನುಗ್ಗಲು ಇಳಿದ ಮೇಲೆ ಬರುವುದು ಅಂತ ಮಾತಾಗಿತ್ತು. ಹಬ್ಬ ಮುಗಿಯಿತು. ಫೋನು ಬಂತು. ಮಾತಾಡಿದ್ದು ಅವರ ಹೆಂಡತಿ.

"ಓಗ್ಬುಟ್ರು ಕಣವ್ವ. ನಿಮ್ಮೂರ್ಗೆ ಬರಾಕೆ ಅಂತ ಅಂಗಿ ಇಸ್ತ್ರಿ ಮಾಡ್ಸಿ ಮಡ್ಗಿದ್ರು. ಅದ್ನೇ ಆಕಿ ಕಳುಸ್ದೋ."

ಹೋಗಿ ಬಂದೆ. ಅಳು ಬರಲಿಲ್ಲ. ಬಸ್ಸಿನ ಸದ್ದು ಕೇಳಿದರೆ ಬೆಳಿಗ್ಗೆ ಹೊತ್ತು ಆಮೇಲೂ ಒಲೆ ಮೇಲೆ ಕಾಫಿಗೆ ಒಂದು ಲೋಟ ನೀರು ಹೆಚ್ಚಿಗೆ ಇಡುತ್ತಿದ್ದೆ.

ಕೊನೆಗೆ ಹಸ್ತಪ್ರತಿಯನ್ನು ಬೆಂಗಳೂರಿನ ಹೊಸ ಪ್ರಕಾಶನದವರಿಗೆ ಮೇಲ್ ಮಾಡಿದೆ. ಒಳ್ಳೆಯವರು. ಒಂದು ಫೋಟೊ ಕೇಳಿದರು, ಊರಿನ ಬಗ್ಗೆ ಪುಟ್ಟದೊಂದು ವಿಡಿಯೊ ಕೇಳಿದರು, ಎರಡನ್ನೂ ಕಳಿಸಿದೆ. ವಾರ ತುಂಬುವ ಮೊದಲೇ ಅಲ್ಲಿನ ಹುಡುಗಿಯೊಬ್ಬಳು ಫೋನು ಮಾಡಿದಳು. ಎಲ್ಲಿ ಜೋಲು ಬಿದ್ದಿದೆ ಅಂತ ಇವಳಾದರೂ ಹೇಳುತ್ತಾಳೇನೋ ಅಂತ ಹೊಲದ ಬದುವಿನಲ್ಲೇ ನಿಂತು ಕೇಳಿದೆ.

"ಮೇಡಂ, ತುಂಬಾ ಚೆನ್ನಾಗಿದೆ," ಅಂದಳು. "ಒಂದು ಪದ ಕೂಡ ಬದಲಾಯಿಸೋ ಹಾಗಿಲ್ಲ. ಹೀಗೇ ಪ್ರಿಂಟಿಗೆ ಕಳಿಸ್ತೀವಿ."

ಅವರು ತೀರಿಕೊಂಡಿದ್ದಾರೆ ಅಂತ ನನಗೆ ಗೊತ್ತಾದದ್ದು ಆಗ.