ಮಿಸ್ಟ್ರೆಸಮ್ಮನ ಬೊಗಳದ ನಾಯಿ

ಅಂಗಡಿಯಲ್ಲಿ ನಾನು ಕೇಳಿದ ಸೋಪು ಇರಲಿಲ್ಲ. ಯುದ್ಧ ಮುಗಿದರೂ ಕೇಳಿದ್ದು ಸಿಗುವ ಕಾಲ ಇನ್ನೂ ಬಂದಿಲ್ಲ. ಅವರು ಕೊಟ್ಟ ಕೆಂಪು ಕಾರ್ಬಾಲಿಕ್ ಸೋಪನ್ನೇ ತಂದು, ಮೊನ್ನೆ ಬೆಳಿಗ್ಗೆ ಬಚ್ಚಲಲ್ಲಿ ಅದರ ಕಾಗದ ಬಿಚ್ಚಿದೆ. ಆ ಘಾಟು ಮೂಗಿಗೆ ತಾಗಿದ್ದೇ ತಡ, ಬಿಸಿಯಾದ, ಒಳಗಿನಿಂದ ನಡುಗುವ ಒಂದು ಬುಟ್ಟಿ ಬಂದು ನನ್ನ ತೊಡೆಯ ಮೇಲೆ ಕೂತಂತಾಯಿತು. ರೈಲಿನ ಕಿಟಕಿ, ಕಲ್ಲಿದ್ದಲಿನ ಹೊಗೆ, ಎದುರು ಬೆಂಚಿನಲ್ಲಿ ನಗು ತಡೆದುಕೊಂಡಿದ್ದ ನಮ್ಮ ಪಕ್ಕದ ಮನೆಯ ಮಿಸ್ಟ್ರೆಸಮ್ಮ... ಕಾಯಿಸಿದ ನೀರು ಆರುವವರೆಗೆ ನಾನು ಸೋಪು ಹಿಡಿದುಕೊಂಡೇ ಕೂತಿದ್ದೆ.

ಶಿವಮೊಗ್ಗದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಹಿತ್ತಿಲುಗಳ ಮಧ್ಯೆ ಸೊಂಟದೆತ್ತರದ ಪಾಗಾರ. ಅವರು ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ತಂದೆಯ ಹಟದಿಂದ ಓದಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಬೀದಿಯ ಅರ್ಧ ಹೆಂಗಸರಿಗೆ ಕಾಗುಣಿತ ಕಲಿಸಿದ್ದರು. ಆ ಮನೆಯನ್ನು ತಾವೇ ದುಡಿದು ಕಟ್ಟಿಸಿದ್ದರು. ಹಾಗೆಂದು ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ, ಆದರೆ ಬಾಗಿಲಿನ ಹಿತ್ತಾಳೆಯ ಹಿಡಿಯನ್ನು ಹುಣಿಸೆಹಣ್ಣು ಹಾಕಿ ಉಜ್ಜುವಾಗ ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

ನಿವೃತ್ತಿಯ ಮೇಲೆ ಅವರ ಕಿವಿ ಮಂದವಾಗುತ್ತ ಬಂತು. ನಾನು ಇಂಟರ್‌ಮೀಡಿಯೆಟ್ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ಬೇಸಿಗೆಯ ಹೊತ್ತಿಗೆ, ಎಡಗಿವಿಗೆ ಬಾಯಿಟ್ಟು ಕೂಗಿದರೆ ಮಾತ್ರ ಕೇಳುತ್ತಿತ್ತು. ಆ ಬೇಸಿಗೆಯಲ್ಲೇ ಒಂದು ಬೆಳಿಗ್ಗೆ ಅವರ ತಮ್ಮ ತುಮಕೂರಿನಿಂದ ಬಂದು ಬಾಗಿಲು ತಟ್ಟಿದರು, ಕೂಗಿದರು, ಕಿಟಕಿ ಬಡಿದರು. ಒಳಗಿನಿಂದ ಸದ್ದೇ ಇಲ್ಲ. ಕೊನೆಗೆ ಬೀದಿಯವರೆಲ್ಲ ಸೇರಿ ಹಾರೆ ಹಾಕಿ ಚಿಲಕ ಕಿತ್ತು ಒಳಗೆ ನುಗ್ಗಿದರೆ, ಮಿಸ್ಟ್ರೆಸಮ್ಮ ಒರಳಿನ ಮುಂದೆ ಕೂತು ಚಟ್ನಿ ರುಬ್ಬುತ್ತಿದ್ದರು.

"ಯಾವಾಗ ಬಂದ್ಯೋ? ಬಾಗಿಲು ಯಾಕೆ ಕಿತ್ತೆ?" ಎಂದರು.

ಎಲ್ಲರೂ ನಕ್ಕರು. ತಮ್ಮ ಮಾತ್ರ ಜಗಲಿಯ ಮೇಲೆ ಕುಸಿದು ಕೂತರು. ಸ್ವಲ್ಪ ಹೊತ್ತಿನ ಮೇಲೆ ಅಕ್ಕನ ಕಿವಿಯ ಹತ್ತಿರ ಹೋಗಿ, "ಇವತ್ತು ಚಟ್ನಿ ರುಬ್ತಿದ್ದೆ. ನಾಳೆ ಬಚ್ಚಲಲ್ಲಿ ಬಿದ್ದಿದ್ರೆ? ನಮ್ಮನೆಗೆ ಬಂದ್ಬಿಡು ಅಕ್ಕ" ಎಂದರು. ಅಕ್ಕ ಒಪ್ಪಲಿಲ್ಲ. ವಾದ ಮಧ್ಯಾಹ್ನದವರೆಗೂ ನಡೆಯಿತು. ಗೋಡೆಯಾಚೆಗಿದ್ದ ನಮಗೆ ಒಂದು ಮಾತೂ ತಪ್ಪಲಿಲ್ಲ, ಅಷ್ಟು ಜೋರಾಗಿ ನಡೆಯಿತು. ಕೊನೆಗೆ ತಮ್ಮ ಒಂದು ಷರತ್ತು ಹಾಕಿದರು. "ಮಳೆ ಹಿಡಿಯೋದ್ರೊಳಗೆ ಇನ್ನೊಂದ್ಸಲ ಬರ್ತೀನಿ. ನಾನು ತಟ್ಟಿದ್ದಕ್ಕೆ ನೀನೇ ಬಂದು ಬಾಗಿಲು ತೆಗೆದ್ರೆ ಇಲ್ಲೇ ಇರು. ಇಲ್ದಿದ್ರೆ ಮನೆ ಬಾಡಿಗೆಗೆ ಕೊಟ್ಟು ನನ್ ಜೊತೆ ಹೊರಡ್ಬೇಕು."

"ಆಗ್ಲಿ. ಯಾವತ್ತು ಬರ್ತೀಯ ಅಂತ ಮಾತ್ರ ಹೇಳ್ಬೇಡ. ಹೇಳಿದ್ರೆ ಅದು ಪರೀಕ್ಷೆ ಅಲ್ಲ."

ಮಾರನೆಯ ದಿನ ಮಿಸ್ಟ್ರೆಸಮ್ಮ ಪಾಗಾರದ ಹತ್ತಿರ ಬಂದು ನನ್ನನ್ನು ಕರೆದರು. ಮುಖ ಕೆಂಪಾಗಿತ್ತು. "ನಾಯಿ ಸಾಕ್ತೀನಿ ಕಣೇ" ಎಂದರು.

ನಮ್ಮಮ್ಮ ಒಳಗಿನಿಂದಲೇ ಗೊಣಗಿದರು. "ಮಡಿ ಮೈಲಿಗೆಯೆಲ್ಲ ಬಿಟ್ಟುಬಿಡ್ತಾರಂತಾ ಕೇಳು." ನಾನು ಕೂಗಿ ಕೇಳಿದೆ.

"ಬಿಡಲ್ಲ. ನಾಯಿಗೂ ಕಲಿಸ್ತೀನಿ. ನಿಮ್ಮಮ್ಮಂಗೆ ಹೇಳು, ಅವಳ ನಾದಿನಿಗೇ ಮಗ್ಗಿ ಕಲಿಸಿದೋಳು ನಾನು."

ಎಂಥ ನಾಯಿ ಬೇಕೆಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. "ದೊಡ್ಡದಾದ್ರೆ ಕಾಲಿಗೆ ಸಿಕ್ಕಿ ನಾನು ಸಾಯ್ತೀನಿ. ತೀರ ಮರಿಯಾದ್ರೆ ನಾನು ಮೇಲೆ ಬಿದ್ದು ಅದು ಸಾಯುತ್ತೆ. ಇಬ್ಬರೂ ಉಳಿಯೋ ಅಳತೆದು ಹುಡುಕ್ಬೇಕು ಮಾರಾಯ್ತಿ." ಫಲಿತಾಂಶದ ಚಿಂತೆಯಲ್ಲಿ ಒಣಗುತ್ತಿದ್ದ ನನಗೆ ಆ ಹುಡುಕಾಟದಿಂದ ಜೀವ ಬಂದಂತಾಯಿತು.

ಮೊದಲು ಬಂದದ್ದು ಹೊಳಲೂರಿನ ಹಾಲಿನವನು ತಂದ ನಾಯಿ. ಮೈಗೆ ಸಣ್ಣದೇ, ಆದರೆ ಅದು ಬೊಗಳಿದರೆ ನಮ್ಮ ನಡುಮನೆಯ ಲಾಟೀನಿನ ಗಾಜು ಜಣಗುಟ್ಟುತ್ತಿತ್ತು. ಹಾಲಿನವನು ಹೆಮ್ಮೆಯಿಂದ ನಿಂತಿದ್ದ. ಮಿಸ್ಟ್ರೆಸಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, "ಪಾಪ, ಯಾಕಿದು ಇಷ್ಟು ಆಕಳಿಸ್ತಾ ಇದೆ? ನಿದ್ದೆಗೆಟ್ಟಿದೆಯಾ?" ಎಂದರು.

"ಆಕಳ್ಸದಲ್ರವ್ವಾ, ಬೊಗಳ್ತಾ ಐತೆ" ಎಂದ. ನಾನು ಅದನ್ನು ಕಿವಿಗೆ ಮುಟ್ಟಿಸಿದೆ.

ಅವರು ಅಲ್ಲೇ ನಿಂತು ಯೋಚಿಸಿದರು. ನಾನೂ ಅದುವರೆಗೆ ಯೋಚಿಸಿರಲಿಲ್ಲ. "ಬೊಗಳಿದ್ರೆ ನನಗೇನು ಬಂತು? ಬಾಗಿಲು ತಟ್ಟಿದ್ದೇ ಕೇಳದೋಳಿಗೆ ಇದು ಕೇಳುತ್ತಾ? ಬಂದು ಮುಟ್ಟಿ ಹೇಳೋ ನಾಯಿ ಬೇಕು."

"ಮುಟ್ಟಿ ಹೇಳೋ ನಾಯಿ ನಮ್ಮೂರಾಗೆ ಇಲ್ರವ್ವಾ" ಎಂದು ಹಾಲಿನವನು ಅದನ್ನು ಕಂಕುಳಲ್ಲಿ ಇರುಕಿಕೊಂಡು ಹೋದ.

ದಿನಗಳು ಹೋಗುತ್ತಿದ್ದವು. ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನನ್ನ ಚಿಕ್ಕಪ್ಪ ಒಂದು ಭಾನುವಾರ ನಮ್ಮ ಮನೆಗೆ ಬಂದವರು ಊಟದ ನಡುವೆ ನಗೆಮಾತೊಂದನ್ನು ಹೇಳಿದರು. ಅಲ್ಲಿ ತಮಿಳು ಫೋರ್‌ಮನ್ ಒಬ್ಬರು ಕೆಲಸ ಬಿಟ್ಟು ಸೇಲಂ ಕಡೆ ಮಗಳ ಮನೆಗೆ ಹೊರಟಿದ್ದಾರೆ, ಅವರ ನಾಯಿಯನ್ನು ಕ್ವಾರ್ಟರ್ಸಿನಲ್ಲಿ ಎಲ್ಲರೂ ಬೇಡ ಅಂತಿದಾರೆ, ಏಕೆಂದರೆ ಅದು ಬೊಗಳುವುದೇ ಇಲ್ಲ. "ಕಳ್ಳ ಬಂದ್ರೆ ಹೋಗಿ ಹೆಂಡ್ತಿ ಸೀರೆ ಎಳೆಯುತ್ತಂತೆ" ಎಂದು ಚಿಕ್ಕಪ್ಪ ನಕ್ಕರು. ನಾನು ಎಲೆ ಬಿಟ್ಟು ಎದ್ದು, ಕೈಯನ್ನೂ ತೊಳೆಯದೆ ಪಕ್ಕದ ಮನೆಗೆ ಓಡಿದೆ.

ಮಾರನೆಯ ಬೆಳಿಗ್ಗೆ ನಾವಿಬ್ಬರೂ ರೈಲಿನಲ್ಲಿದ್ದೆವು. ಮಿಸ್ಟ್ರೆಸಮ್ಮ ಇನ್ಸ್‌ಪೆಕ್ಷನ್ನಿಗೆ ಉಡುತ್ತಿದ್ದ ಸೀರೆ ಉಟ್ಟಿದ್ದರು. ಓಲ್ಡ್ ಟೌನಿನಲ್ಲಿ ಚಿಕ್ಕಪ್ಪನ ಮನೆ ತಲುಪಿದಾಗ ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು, ಹೊಳೆ ದಾಟಿ ಕ್ವಾರ್ಟರ್ಸಿಗೆ ನನಗಿಂತ ಮುಂದೆ ನಡೆದರು.

ಫೋರ್‌ಮನ್ನರ ಹೆಂಡತಿ ಆಗ ತಾನೆ ನಾಯಿಗೆ ಕಾರ್ಬಾಲಿಕ್ ಸೋಪು ಹಾಕಿ ಸ್ನಾನ ಮಾಡಿಸಿ, ಹಳೆಯ ಪಂಚೆಯಲ್ಲಿ ಸುತ್ತಿ ಹಿಡಿದಿದ್ದರು. ಬಿಳಿ ಮೈ, ಒಂದು ಕಿವಿ ಕಂದು, ಮೊಣಕಾಲಿಗೂ ಬರದ ಎತ್ತರ. ಯಾರೋ ದೊರೆಯ ಬಂಗಲೆಯ ನಾಯಿಗೂ ಓಲ್ಡ್ ಟೌನಿನ ಬೀದಿನಾಯಿಗೂ ಹುಟ್ಟಿದ್ದಂತೆ. ಹೆಸರು ಮಣಿ.

"ನಮ್ಮೋರು ನೈಟ್ ಶಿಫ್ಟ್ ಮುಗಿಸಿ ಪಗಲೆಲ್ಲಾ ತೂಂಗ್ತಾರೆ, ಮಲಗ್ತಾರೆ ಅಮ್ಮಾ" ಎಂದರು ಆಕೆ. "ಇದು ಕತ್ತಿದ್ರೆ, ಬೊಗಳಿದ್ರೆ, ಹಾಸಿಗೆಯಿಂದ ಚಪ್ಪಲಿ ಪಾರ್ಸಲ್ ಬರ್ತದೆ. ಅದ್ಕೇ ಸದ್ದಿಲ್ದೆ ಬಂದು ನನ್ ಸೀರೆ ಪಿಡಿಯುತ್ತೆ. ಒಳ್ಳೇ ಪಿಳ್ಳೆ, ಆದ್ರೆ ಕಾವಲಿಗೆ ಆಗಲ್ಲ. ಮೊದ್ಲೇ ಹೇಳ್ಬಿಡ್ತೀನಿ."

ಮಿಸ್ಟ್ರೆಸಮ್ಮ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ನಾನು ಒಂದೇ ಬೆರಳಿನಿಂದ ತಟ್ಟಿದೆ. ಒಳಗೆ ಉಗುರುಗಳು ಪಟಪಟನೆ ಓಡಿದ ಸದ್ದು, ಆಮೇಲೆ ಆಕೆಯ ನಗು. ಬಾಗಿಲು ತೆಗೆದಾಗ ಮಣಿ ಆಕೆಯ ಸೆರಗಿನ ತುದಿ ಕಚ್ಚಿಕೊಂಡು ನಿಂತಿತ್ತು. ಮಿಸ್ಟ್ರೆಸಮ್ಮ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಹೊರಡುವ ಮುಂಚೆ ಮಣಿ ಆಕೆಯ ಕೈಯನ್ನು ಮೂಸಿ ಮೂಸಿ ತಿಂಡಿ ಕೇಳಿತು. ಆಕೆ ಎರಡೂ ಅಂಗೈ ಬಿಡಿಸಿ ತೋರಿಸಿ, "ಇಲ್ಲೆ ಮಣಿ, ಇಲ್ಲೆ" ಎಂದರು. ಅದು ಹಿಂದೆ ಸರಿದು ಕೂತಿತು. ಆಕೆ ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ನಾಯಿಯನ್ನು ಹೀಗೆ ರೈಲಿನ ಡಬ್ಬಿಯಲ್ಲಿ ಜೊತೆಗೆ ಕೂರಿಸಿಕೊಂಡು ಹೋಗುವ ಹಾಗಿಲ್ಲವೆಂದು ನಮಗೆ ಗೊತ್ತಾದದ್ದು ರೈಲು ಹೊರಟ ಮೇಲೆ. ಮಿಸ್ಟ್ರೆಸಮ್ಮ ಮಣಿಯನ್ನು ತಾವು ತಂದಿದ್ದ ಬುಟ್ಟಿಯೊಳಗೆ ಕೂರಿಸಿ, ಮೇಲೆ ಟವಲು ಮುಚ್ಚಿ ನನ್ನ ತೊಡೆಯ ಮೇಲಿಟ್ಟರು. ಟಿಕೆಟ್ ನೋಡುವವರು ಬಂದು, "ಬುಟ್ಟೀಲಿ ಏನಮ್ಮ?" ಎಂದು ಅವರನ್ನೇ ಕೇಳಿದರು.

"ಹೌದಪ್ಪ, ಶಿವಮೊಗ್ಗಕ್ಕೇ."

"ಬುಟ್ಟಿ, ಬುಟ್ಟಿ."

"ಎಲ್ಲ ಸೌಖ್ಯ. ನಿಮ್ಮನೇಲಿ ಹೇಗಿದಾರೆ?"

ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಬುಟ್ಟಿ ಸೋಪಿನ ವಾಸನೆ ಬೀರುತ್ತ ನಡುಗುತ್ತಿತ್ತು, ಆದರೆ ಸದ್ದು ಮಾಡಲಿಲ್ಲ. ಆ ಮನುಷ್ಯ ನಗುತ್ತ ಮುಂದೆ ಹೋದರು.

ಮನೆಗೆ ಬಂದ ಮೇಲೆ ಎಲ್ಲ ಕೆಟ್ಟಿತು. ಮಣಿ ಅವರ ಹತ್ತಿರ ಬರಲೇ ಇಲ್ಲ. "ಇಲ್ಲಿ ಬಾ ಮಣಿ, ಇಲ್ಲಿ, ಇಲ್ಲಿ" ಎಂದು ಅವರು ಹಾಲಿನ ಬಟ್ಟಲು ಹಿಡಿದು ಕರೆದಷ್ಟೂ ಅದು ಕಿವಿ ಇಳಿಬಿಟ್ಟು ಹಿಂದಕ್ಕೆ ಸರಿದು ಕೂರುತ್ತಿತ್ತು. ನಾನು ಬಾಗಿಲು ತಟ್ಟಿದರೆ ಬಾಗಿಲವರೆಗೆ ಓಡುತ್ತಿತ್ತು, ತಿರುಗಿ ಅವರತ್ತ ನೋಡುತ್ತಿತ್ತು, ಅಷ್ಟೇ. ಒಂದು ವಾರ ಹೀಗೇ ಹೋಯಿತು. ಒಂದು ಸಂಜೆ ನೋಡಿದರೆ ಪೆಟ್ಟಿಗೆ ತೆಗೆದು, ತುಮಕೂರಿಗೆ ಬೇಕಾದ ಸೀರೆಗಳನ್ನು ಬೇರೆಯಾಗಿ ಮಡಿಸಿಡುತ್ತಿದ್ದರು.

ಆ ಸಂಜೆ ಅವರು ಮತ್ತೊಮ್ಮೆ "ಇಲ್ಲಿ" ಎಂದು ಕೈ ಚಾಚಿದರು. ಮಣಿ ಅವರ ಖಾಲಿ ಅಂಗೈ ನೋಡಿ ಹಿಂದೆ ಸರಿಯಿತು. ಆಗ ನನಗೆ ಫೋರ್‌ಮನ್ನರ ಹೆಂಡತಿಯ ಬಿಡಿಸಿದ ಅಂಗೈ ಕಣ್ಣಿಗೆ ಬಂತು... ಇಲ್ಲೆ ಮಣಿ, ಇಲ್ಲೆ. ತಮಿಳಿನಲ್ಲಿ ಹಾಗೆಂದರೆ ಇಲ್ಲ ಎಂದು ಕಾಲೇಜಿನ ತಮಿಳು ಗೆಳತಿಯಿಂದ ನನಗೆ ಗೊತ್ತಿತ್ತು. ನಾನು ಅವರ ಎಡಗಿವಿಗೆ ಬಾಯಿಟ್ಟು ಕಿರುಚಿದೆ.

ಅವರು ಕಣ್ಣರಳಿಸಿ ನನ್ನನ್ನು ನೋಡಿದರು. "ಅಯ್ಯೋ ಮಾರಾಯ್ತಿ, ಒಂದು ವಾರದಿಂದ ಹಾಲು ಹಿಡ್ಕೊಂಡು ಇದಕ್ಕೆ ಇಲ್ಲ, ಇಲ್ಲ, ಇಲ್ಲ ಅಂತಿದ್ನಾ?" ಎಂದು, ಸೀರೆಗಳ ರಾಶಿಯ ನಡುವೆ ಕೂತು ಬಿದ್ದು ಬಿದ್ದು ನಕ್ಕರು. ಆಮೇಲೆ ಗಂಟಲು ಸರಿಮಾಡಿಕೊಂಡು, ನಾನು ಹೇಳಿಕೊಟ್ಟಂತೆ, "ವಾ ಮಣಿ, ಇಂಗೆ ವಾ" ಎಂದರು. ಮಣಿ ಹಾರಿ ಅವರ ಮಡಿಲಿಗೆ ಬಿತ್ತು. ಬಟ್ಟಲು ಉರುಳಿ ಹಾಲೆಲ್ಲ ಸೀರೆಗಳ ಪಾಲಾಯಿತು.

ಅಂದಿನಿಂದ ಅವರು ತಮಿಳು ಕಲಿಯತೊಡಗಿದರು. ಮಣಿಗೆ ಮಡಿಯನ್ನೂ ಕಲಿಸಿದರು. ಸ್ನಾನ ಮಾಡಿ ಮಡಿಸೀರೆ ಉಟ್ಟಾಗ "ಇಲ್ಲೆ" ಎಂದರೆ ಸಾಕು, ಮುಟ್ಟದೆ ದೂರ ಕೂರುತ್ತಿತ್ತು. ಉಳಿದ ಹೊತ್ತಿನಲ್ಲಿ ನಾನು ಎಷ್ಟು ಮೆಲ್ಲಗೆ ತಟ್ಟಿದರೂ ಸೆರಗು ಎಳೆದು ತರುತ್ತಿತ್ತು. ನಮ್ಮಮ್ಮ ಕೂಡ ಸಕ್ಕರೆ ಸಾಲ ಕೇಳುವ ನೆಪದಲ್ಲಿ ಹೋಗಿ ತಟ್ಟಿ ನೋಡಿ ಬಂದರು.

ರಾಗಿಗುಡ್ಡದ ಮೇಲೆ ಮೋಡ ಕಟ್ಟಿದ ಒಂದು ಬೆಳಿಗ್ಗೆ ನಾನು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಪಾಗಾರದಾಚೆ ಮಿಸ್ಟ್ರೆಸಮ್ಮ ಮಡಿಯಲ್ಲಿ, ತುಳಸಿಯ ಮುಂದೆ ಕಣ್ಣು ಮುಚ್ಚಿ ನಿಂತಿದ್ದರು. ಅಷ್ಟರಲ್ಲಿ ನಮ್ಮಮ್ಮ ಮುಂದಿನಿಂದ ಓಡಿ ಬಂದು, "ಅವರ ತಮ್ಮ ಬಂದಿದಾರೆ" ಎಂದು ಪಿಸುಗುಟ್ಟಿದರು. ನಾನು ಬಾಯಿ ತೆರೆದೆ. ಅಮ್ಮ ನನ್ನ ತೋಳು ಹಿಡಿದರು. "ಕೂಗಬೇಡ. ಪರೀಕ್ಷೆ ಅಲ್ವಾ."

ಬಾಗಿಲು ತಟ್ಟಿದ್ದು ಕೇಳಿಸಿತು. ಮಣಿ ಒಳಗಿನಿಂದ ಬಾಣದ ಹಾಗೆ ಬಂತು, ಮಡಿಸೀರೆ ಕಂಡು ಗಕ್ಕನೆ ನಿಂತಿತು. ಕೂತಿತು. ಎದ್ದಿತು. ಮತ್ತೆ ತಟ್ಟಿದರು. ಅದು ಬಾಗಿಲತ್ತ ಓಡಿ, ತಿರುಗಿ ಬಂದು, ಬಾವಿಕಟ್ಟೆಯ ಕೆಸರಿನಲ್ಲಿ ಸುತ್ತತೊಡಗಿತು. ನಾನು ಅಮ್ಮನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಬಳೆಯೊಂದು ಒಡೆಯಿತು. ಮೂರನೆಯ ಸಲ ತಟ್ಟಿದಾಗ ಮಣಿ ಮುಂಗಾಲೆರಡನ್ನೂ ಎತ್ತಿ ಆ ಮಡಿಸೀರೆಯ ಮೇಲೆ ಊರಿತು.

ಅವರು ಕಣ್ಣು ಬಿಟ್ಟರು. ಸೀರೆಯ ಮೇಲಿನ ಕೆಸರಿನ ಗುರುತು ನೋಡಿದರು. ಬೈಯುತ್ತಾರೆಂದುಕೊಂಡೆ. ಅವರು ಮಣಿಯ ತಲೆಯ ಮೇಲೆ ಅಂಗೈಯಿಟ್ಟರು, ಆಮೇಲೆ ನೆರಿಗೆ ಎತ್ತಿ ಹಿಡಿದು ಓಡಿದರು. ನಾವೂ ನಮ್ಮ ಮನೆಯೊಳಗಿಂದ ಮುಂದಿನ ಜಗಲಿಗೆ ಓಡಿದೆವು.

ಬಾಗಿಲು ತೆರೆದಿತ್ತು. ತಮ್ಮ ಹೊಸ್ತಿಲಾಚೆ ಬೆರಗಾಗಿ ನಿಂತಿದ್ದರು. "ಮಡಿಸೀರೆ ಮೇಲೆ ಇದೇನಕ್ಕ?" ಎಂದು ಕೈ ತೋರಿಸಿದರು.

"ನೀನು ಬಂದಿದೀಯ ಅಂತ ಬರೆದಿದಾನೆ. ಓದ್ಕೋ" ಎಂದರು ಮಿಸ್ಟ್ರೆಸಮ್ಮ, ಏದುಸಿರು ಬಿಡುತ್ತ.

ತಮ್ಮ ನಾಯಿ ತಿರುಗಾಡುವ ನಡುಮನೆಗೆ ಕಾಲಿಡಲಿಲ್ಲ, ಜಗಲಿಯಲ್ಲೇ ಊಟ ಮಾಡಿದರು. ಆದರೆ ಸಂಜೆಯ ರೈಲಿಗೆ ಒಬ್ಬರೇ ಹೋದರು.

ಮಿಸ್ಟ್ರೆಸಮ್ಮ ಕೊನೆಯವರೆಗೂ ಆ ಮನೆಯಲ್ಲೇ ಇದ್ದರು. ನಾನು ಮೈಸೂರಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಾಗ, ಚಳಿಗಾಲದ ಒಂದು ಬೆಳಿಗ್ಗೆ, ತಮ್ಮದೇ ಹಾಸಿಗೆಯಲ್ಲಿ ತೀರಿಕೊಂಡರು. ಮಣಿ ಪಾಗಾರ ಹಾರಿ ನಮ್ಮ ಅಡುಗೆಮನೆಗೇ ನುಗ್ಗಿ ಅಮ್ಮನ ಸೆರಗು ಎಳೆಯಿತಂತೆ. ಆಮೇಲೆ ಅದು ನಮ್ಮಲ್ಲೇ ಇತ್ತು. ಈಗ ಅದೂ ಇಲ್ಲ. ಆ ಮನೆಯಲ್ಲಿ ಮಕ್ಕಳೊಂದಿಗರು ಬಾಡಿಗೆಗಿದ್ದಾರೆ, ಬಾಗಿಲು ಹಾಕಿದ್ದನ್ನೇ ನಾನು ನೋಡಿಲ್ಲ...

ಕಳೆದ ತಿಂಗಳು ನನಗೆ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕೆಲಸವಾಯಿತು. ಮನೆಯಲ್ಲಿ ಊಟದ ಹೊತ್ತಿಗೆ ಮೆಲ್ಲಗೆ ಹೇಳಿದೆ, ಎಲ್ಲರೂ ಮೆಲ್ಲಗೆ ಸಂತೋಷಪಟ್ಟರು. ಮಿಸ್ಟ್ರೆಸಮ್ಮ ಇದ್ದಿದ್ದರೆ ಎಡಗಿವಿಗೆ ಬಾಯಿಟ್ಟು ಕೂಗಬೇಕಾಗುತ್ತಿತ್ತು. ಬೀದಿಗೆಲ್ಲ ಕೇಳುತ್ತಿತ್ತು. ಕೇಳಿಸಿದ್ದರೂ ಕೇಳಿಸದವರಂತೆ "ಏನಂದೆ?" ಎಂದು ಇನ್ನೊಂದು ಸಲ ಕೂಗಿಸುತ್ತಿದ್ದರು. ಅಷ್ಟು ಜೋರಾಗಿ ಸಂತೋಷ ಹೇಳಿಕೊಳ್ಳುವ ಮನೆ ನನಗೆ ಈಗ ಯಾವುದೂ ಇಲ್ಲ.