ಉಮ್ಮತ್ತೂರಿನ ಕೊನೇ ಡಬ್ಬಿ

ಬೆಳಕು ಹರಿಯೋ ಮುಂಚೆಯೇ ಚಂದಕವಾಡಿಯ ನೀಲಾವತಿ ಉಮ್ಮತ್ತೂರಿನ ಮಾದಪ್ಪನವರ ಜಗುಲಿ ಮೇಲೆ ಹಾಜರ್. ಪಕ್ಕದಲ್ಲಿ ಐಸ್ ತುಂಬಿದ ಪೆಟ್ಟಿಗೆ. ಕಾಯ್ತಿರೋದು ಮಲದ ಮಾದರಿಗೆ. ಮೂಗು ಮುಚ್ಚಿಕೊಳ್ಳಬೇಡಿ ಸ್ವಾಮಿ, ಇದು ಮಿದುಳಿನ ಸಮಾಚಾರ!

ನಮ್ಮ ಕರುಳಲ್ಲಿ ಬಿಡಾರ ಹೂಡಿರೋ ಬ್ಯಾಕ್ಟೀರಿಯಾಗಳಿಗೂ ಮಿದುಳಿಗೂ ನಂಟಿದೆಯಂತೆ. ಕೈ ನಡುಗಿಸೋ ಪಾರ್ಕಿನ್ಸನ್ ಕಾಯಿಲೆ ಕೆಲವರಲ್ಲಿ ಹೊಟ್ಟೆಯಿಂದಲೇ ಶುರುವಾಗುತ್ತಾ ಅಂತ ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಚಾಮರಾಜನಗರದ ಒಂದು ಸಂಶೋಧನಾ ತಂಡಕ್ಕೆ ಗುಂಡ್ಲುಪೇಟೆ ಕಡೆಯಿಂದಲೂ ಮಾದರಿ ಹೊತ್ತು ತರೋರು ಈ ನೀಲಾವತಿಯೇ. ದಿನಕ್ಕೆ ಏಳೆಂಟು ಬಾಗಿಲು ತಟ್ಟಿದರೆ ಒಂದೆರಡು ಡಬ್ಬಿ ಸಿಕ್ಕರೆ ಪುಣ್ಯ. "ಮಾಟ ಮಾಡ್ಸಕ್ಕಾ ಅಂತ ಬಾಗ್ಲಾಕ್ಕೋತಾರೆ ಸಾರ್. ಬೈಸ್ಕೊಳ್ಳದು ರೂಢಿ ಆಗ್ಬುಟ್ಟದೆ."

ಇಷ್ಟು ಹಟ ಯಾಕೆ? "ನಮ್ಮವ್ವಂಗೆ ವರ್ಷಾನುಗಟ್ಲೆ ಹೊರಕಡೆ ಸರ್ಯಾಗಿ ಆಯ್ತಿರ್ನಿಲ್ಲ. ಆಮೇಲೆ ಕೈ ನಡುಗಕ್ಕೆ ಸುರುವಾಯ್ತು. ಅದ್ರಲ್ಲೇ ಹೋದ್ರು. ಎಲ್ಡಕ್ಕೂ ಸಂಬಂಧ ಐತಾ? ನಂಗೆ ಗೊತ್ತಾಗ್ಬೇಕು."

ಮಾದಪ್ಪನವರ ಕೈಯೂ ನಡುಗುತ್ತೆ. ಹೋದ ಸಲ ಒಪ್ಪಿದ್ದರು. ಆದರೆ ದೊಡ್ಡ ಡಾಕ್ಟರು ನೋಡ್ತಾರಂತೆ, ಮನೆ ಮರ್ಯಾದೆ ಏನಾಗಬೇಕು ಅಂತ ಹೆಂಡತಿ ಚಿಕ್ಕಮಲ್ಲಮ್ಮ ವಾರವೆಲ್ಲ ಮುದ್ದೆ, ತಂಗಳು ಬಿಡಿಸಿ ಗಂಡನಿಗೆ ಬ್ರೆಡ್ಡು, ಬಿಸ್ಕತ್ತು ತಿನ್ನಿಸಿಬಿಟ್ಟಿದ್ದರು! ತಂಡಕ್ಕೆ ಬೇಕಿದ್ದದ್ದು ದಿನಾ ಉಣ್ಣೋ ಊಟದ ಮಾದರಿ. ಡಬ್ಬಿ ದಂಡ, ಮತ್ತೆ ಕೊಡಿ ಅಂದರು. ಮುನಿಸಿಕೊಂಡ ಮಾದಪ್ಪ ಇನ್ನು ಕೊಡಲ್ಲ ಅಂದುಬಿಟ್ಟರು. ಇವತ್ತು ಮಾದರಿ ತೆಗೆದುಕೊಳ್ಳೋಕೆ ಕಡೇ ದಿನ.

ಈಗ ಮಾದಪ್ಪ ನೀಲಾವತಿ ಕೊಟ್ಟ ಖಾಲಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. "ಕೊಟ್ರೆ ನನ್ ಕೈ ನಡುಕ ನಿಲ್ತದಾ?"

ಹೂಂ ಅಂದರೆ ಕೆಲಸ ಸಲೀಸು. ನೀಲಾವತಿ ಅನ್ನಲ್ಲ. "ಇಲ್ಲ ಮಾದಪ್ನೋರೇ. ನಿಮ್ಗಲ್ಲ, ಮುಂದಿನೋರ್ಗೆ ಏನಾರಾ ಗೊತ್ತಾಗ್ಬೋದು. ಗೊತ್ತಾಗ್ದೇನೂ ಇರ್ಬೋದು."

ಮಾದಪ್ಪ ಒಳಗೆ ಮಲಗಿರೋ ಮೊಮ್ಮಗಳ ಕಡೆ ನೋಡುತ್ತಾರೆ. "ಅವ್ಳೂ ಈ ಮನೆ ಮುದ್ದೇನೇ ಉಣ್ಣದು. ಕೂತಿರು ಕಣವ್ವ, ಬತ್ತೀನಿ."

ಸ್ವಲ್ಪ ಹೊತ್ತಿಗೆ ಡಬ್ಬಿ ಐಸಿನೊಳಗೆ. ಬಸ್ ಹತ್ತಿದ ನೀಲಾವತಿಗೆ ಸಂತೋಷ ತಡೆಯೋಕಾಗ್ತಿಲ್ಲ. ತಂಡದ ಡಾಕ್ಟರ್ ರಾಜಶೇಖರ್‌ಗೆ ಆಗಲೇ ಫೋನು. "ಸಿಕ್ತು ಸಾರ್, ಸಿಕ್ತು! ಉತ್ತರ ಬರಕ್ಕೆ ಎಷ್ಟ್ ವರ್ಷಾನಾರಾ ಆಗ್ಲಿ, ಬಂದ್ ದಿವ್ಸ ನಂಗೊಂದು ಫೋನ್ ಮಾಡಿ. ನಾನೇ ಹೋಗಿ ಮಾದಪ್ನೋರ್ಗೆ ಹೇಳ್ಬೇಕು. ಅವ್ರಿಲ್ದಿದ್ರೆ ಮೊಮ್ಮಗಳ್ಗೆ."